ದುರ್ಬಲ ಆಮ್ಲದ ವಿಯೋಜನ ಸ್ಥಿರಾಂಕ: ಅಳತೆಯಿಂದ ಉತ್ತರದವರೆಗೆ ಸಮಗ್ರ ಮಾರ್ಗದರ್ಶಿ

ವಿಯೋಜನ ಸ್ಥಿರಾಂಕದ ಲೆಕ್ಕಕ್ಕೆ ಬೇಕಾದ ಗಣಿತ ಚಿಕ್ಕದು: ಒಂದು ಲಾಗರಿದಮ್, ಒಂದು ಗುಣಾಕಾರ, ಹೆಚ್ಚೆಂದರೆ ಒಂದು ವರ್ಗ ಸಮೀಕರಣ. ಆದರೂ ಒಂದೇ ಬಾಟಲಿಯ ಆಮ್ಲವನ್ನು ಅಳೆದ ಇಬ್ಬರಿಗೆ 1.4 × 10⁻⁵ ಮತ್ತು 2.2 × 10⁻⁵ ಎಂಬ ಎರಡು ಉತ್ತರ ಬರುವುದು ಸಾಮಾನ್ಯ. ಇಲ್ಲಿ ದೋಷ ಸೂತ್ರದ್ದಲ್ಲ. ಯಾವ ಆಮ್ಲಕ್ಕೆ ಯಾವ ವಿಧಾನ ಹೊಂದುತ್ತದೆ, ಪಿಎಚ್ ಮೀಟರ್ ನಿಜವಾಗಿ ಏನನ್ನು ಅಳೆಯುತ್ತದೆ ಎಂಬ ಎರಡು ವಿಷಯಗಳಲ್ಲೇ ಉತ್ತರ ಸರಿಯಾಗುವುದೋ ಕೆಡುವುದೋ ನಿರ್ಧಾರವಾಗುತ್ತದೆ.

ಸ್ಥಿರಾಂಕ ಏನನ್ನು ಹೇಳುತ್ತದೆ

ದುರ್ಬಲ ಆಮ್ಲವನ್ನು ಎಚ್‌ಎ ಎಂದು ಬರೆಯೋಣ. ನೀರಿನಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಅಯಾನುಗಳಾಗಿ ಒಡೆಯುತ್ತದೆ:

ಎಚ್‌ಎ ⇌ ಎಚ್⁺ + ಎ⁻

ವಿಯೋಜನ ಸ್ಥಿರಾಂಕ ಕೆಎ = [ಎಚ್⁺] × [ಎ⁻] ÷ [ಎಚ್‌ಎ]

ಚೌಕ ಆವರಣದಲ್ಲಿರುವುದು ಸಮತೋಲನದ ಸಾರತೆ, ಮೋಲ್/ಲೀಟರ್‌ನಲ್ಲಿ (ಇದನ್ನೇ ಮೋಲಾರ್ ಎನ್ನುವುದು). ನೀವು ಫ್ಲಾಸ್ಕಿಗೆ ಹಾಕಿದ ಆರಂಭಿಕ ಸಾರತೆಯನ್ನು ಛೇದದಲ್ಲಿ ಹಾಗೇ ಹಾಕಿಬಿಡುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಪಿಕೆಎ ಎಂದರೆ ಕೆಎಯ ಲಾಗರಿದಮ್, ಚಿಹ್ನೆ ಬದಲಿಸಿದ್ದು. ಹಾಗಾಗಿ ಪಿಕೆಎ ಕಡಿಮೆಯಾದಷ್ಟೂ ಆಮ್ಲ ಪ್ರಬಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಪಿಕೆಎ ಬೆಲೆಗಳು: ಕ್ಲೋರೋಅಸಿಟಿಕ್ ಆಮ್ಲ 2.87, ಫಾರ್ಮಿಕ್ ಆಮ್ಲ 3.75, ಬೆಂಜೋಯಿಕ್ ಆಮ್ಲ 4.20, ಅಸಿಟಿಕ್ ಆಮ್ಲ 4.76, ಬೋರಿಕ್ ಆಮ್ಲ 9.24. ಮುಂದಿನ ಹೆಚ್ಚಿನ ಉದಾಹರಣೆಗಳು ಅಸಿಟಿಕ್ ಆಮ್ಲದವು. ಅದರ ಕೆಎ 1.75 × 10⁻⁵ ಎಂದು ಚೆನ್ನಾಗಿ ಗೊತ್ತಿರುವುದರಿಂದ ನಿಮ್ಮ ಕೈಕೆಲಸವನ್ನು ಒರೆಗೆ ಹಚ್ಚಲು ಅದಕ್ಕಿಂತ ಒಳ್ಳೆಯ ಆಮ್ಲ ಇಲ್ಲ.

ಮೊದಲು ದ್ರಾವಣ ಮತ್ತು ಮೀಟರ್

ಗ್ಲೇಶಿಯಲ್, ಅಂದರೆ ಬಹುತೇಕ ನೀರಿಲ್ಲದ, ಅಸಿಟಿಕ್ ಆಮ್ಲದ ಸಾರತೆ ಸುಮಾರು 17.4 ಮೋಲಾರ್. 5.75 ಮಿ.ಲೀ. ತೆಗೆದು, ಅರ್ಧದಷ್ಟು ನೀರಿರುವ 1 ಲೀಟರ್ ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ಹಾಕಿ ಗುರುತಿನವರೆಗೆ ನೀರು ತುಂಬಿದರೆ ಸುಮಾರು 0.1 ಮೋಲಾರ್ ದ್ರಾವಣ ಸಿಗುತ್ತದೆ. ಗ್ಲೇಶಿಯಲ್ ಆಮ್ಲ ಚರ್ಮ ಸುಡುತ್ತದೆ, ಆವಿ ಕಣ್ಣು ಮೂಗನ್ನು ಉರಿಸುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಫ್ಯೂಮ್ ಹುಡ್ ಒಳಗೇ ಅಳೆಯಿರಿ.

ಈ 'ಸುಮಾರು' ಎಂಬುದನ್ನು ನಿಖರ ಮಾಡಲು, ಆಮ್ಲವನ್ನು ತಟಸ್ಥಗೊಳಿಸಿ ಅಳೆಯಲು, ಸಾರತೆ ಗೊತ್ತಿರುವ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಅದಂತೂ ತೂಕದಿಂದ ನಂಬುವ ವಸ್ತುವೇ ಅಲ್ಲ, ಏಕೆಂದರೆ ಗಾಳಿಯಿಂದ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ. ಅದರ ಸಾರತೆ ತಿಳಿಯಲು ಪೊಟ್ಯಾಷಿಯಂ ಹೈಡ್ರೋಜನ್ ಥ್ಯಾಲೇಟ್ ಎಂಬ, ತೂಕದಿಂದ ನಂಬಬಹುದಾದ ಘನ ಆಮ್ಲವನ್ನು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ, ಸುಮಾರು 0.51 ಗ್ರಾಂ ತೂಗಿಕೊಳ್ಳಿ. ಅದರ ಮೋಲಾರ್ ರಾಶಿ 204.22. ಅಂದರೆ 0.5106 ಗ್ರಾಂ ಎಂದರೆ 2.500 ಮಿಲಿಮೋಲ್, ನಿಖರವಾಗಿ 0.1000 ಮೋಲಾರ್ ಹೈಡ್ರಾಕ್ಸೈಡ್ ಆಗಿದ್ದರೆ 25.00 ಮಿ.ಲೀ. ಖರ್ಚಾಗಬೇಕು. ಫಿನಾಲ್ಫ್ಥಲೀನ್ ಸೂಚಕದೊಂದಿಗೆ ಮೂರು ಬಾರಿ ಅನುಮಾಪನ (ಬ್ಯೂರೆಟ್ಟಿನಿಂದ ಅಳೆದು ಬಿಡುತ್ತ ತಟಸ್ಥವಾಗಲು ಬೇಕಾದ ಗಾತ್ರ ಕಂಡುಹಿಡಿಯುವುದು) ಮಾಡಿ, ಓದುಗಳು 0.05 ಮಿ.ಲೀ. ಒಳಗೆ ಹೊಂದಿದರೆ ಸರಾಸರಿ ತೆಗೆದುಕೊಳ್ಳಿ.

ಪಿಎಚ್ ಮೀಟರನ್ನು ಎರಡು ಬಫರ್‌ಗಳಲ್ಲಿ (ಪಿಎಚ್ ಗೊತ್ತಿರುವ ದ್ರಾವಣಗಳು) ಹೊಂದಿಸಬೇಕು, ಒಂದರಲ್ಲಿ ಸಾಲದು. ಅಸಿಟಿಕ್ ಆಮ್ಲಕ್ಕೆ 4.01 ಮತ್ತು 7.00, ಸಮಾನತಾ ಬಿಂದು (ಆಮ್ಲವೆಲ್ಲ ಹೈಡ್ರಾಕ್ಸೈಡಿನಿಂದ ತಟಸ್ಥವಾಗುವ ಬಿಂದು) ದಾಟುವವರೆಗೆ ಅಳೆಯುವುದಿದ್ದರೆ ಮೂರನೆಯದಾಗಿ 10.01. 25 ಡಿಗ್ರಿಯಲ್ಲಿ ಒಂದು ಪಿಎಚ್ ಅಂತರಕ್ಕೆ 59.16 ಮಿಲಿವೋಲ್ಟ್ ಬರಬೇಕು. ಮೀಟರ್ ತೋರಿಸುವ ಸ್ಲೋಪ್ (ಈ ಬೆಲೆಯ ಎಷ್ಟು ಭಾಗ ಬರುತ್ತಿದೆ ಎಂಬುದು) ಶೇ. 95ಕ್ಕಿಂತ ಕೆಳಗಿದ್ದರೆ ಎಲೆಕ್ಟ್ರೋಡ್ ಕೊಳೆಯಾಗಿದೆ ಅಥವಾ ಹಳೆಯದಾಗಿದೆ. ಅದರಿಂದ ಬಂದ ಓದುಗಳನ್ನು ಯಾವ ಲೆಕ್ಕವೂ ಸರಿಪಡಿಸಲಾರದು. ಎಲೆಕ್ಟ್ರೋಡನ್ನು 3 ಮೋಲಾರ್ ಪೊಟ್ಯಾಷಿಯಂ ಕ್ಲೋರೈಡ್‌ನಲ್ಲಿ ಇಡಬೇಕು, ಡಿಸ್ಟಿಲ್ಡ್ ನೀರಿನಲ್ಲಿ ಇಡಬಾರದು. ನೀರಿನಲ್ಲಿಟ್ಟರೆ ಒಳಗಿನ ಲವಣ ಹೊರಗೆ ಇಳಿದುಹೋಗಿ ಓದು ತೇಲಾಡತೊಡಗುತ್ತದೆ.

ವಿಧಾನ ಒಂದು: ಒಂದೇ ಪಿಎಚ್ ಓದಿನಿಂದ

ಸಾರತೆ ನಿಖರವಾಗಿ ಗೊತ್ತಿರುವ ಆಮ್ಲದ ಪಿಎಚ್ ಅಳೆದರೆ ಕೆಎ ಸಿಗುತ್ತದೆ. 0.100 ಮೋಲಾರ್ ಅಸಿಟಿಕ್ ಆಮ್ಲದ ಪಿಎಚ್ 25 ಡಿಗ್ರಿಯಲ್ಲಿ 2.88 ಬಂದಿದೆ ಎಂದುಕೊಳ್ಳಿ.

1. ಪಿಎಚ್‌ನಿಂದ ಸಾರತೆಗೆ ಹೋಗಿ. [ಎಚ್⁺] = 10⁻²·⁸⁸ = 1.318 × 10⁻³. ಕ್ಯಾಲ್ಕುಲೇಟರಿನಲ್ಲಿ ಋಣ ಚಿಹ್ನೆ ಮರೆತರೆ 759 ಎಂಬ ಅಸಾಧ್ಯ ಸಂಖ್ಯೆ ಬರುತ್ತದೆ, ಅಲ್ಲೇ ಗೊತ್ತಾಗುತ್ತದೆ.

2. ಒಡೆದ ಪ್ರತಿ ಅಣುವೂ ಒಂದು ಎಚ್⁺ ಮತ್ತು ಒಂದು ಎ⁻ ಕೊಡುವುದರಿಂದ [ಎ⁻] ಕೂಡ 1.318 × 10⁻³.

3. ಒಡೆಯದೆ ಉಳಿದದ್ದು: 0.100 − 0.00132 = 0.0987.

4. ಕೆಎ = (1.318 × 10⁻³)² ÷ 0.0987 = 1.76 × 10⁻⁵. ಪಿಕೆಎ 4.75.

ಮೂರನೆಯ ಹೆಜ್ಜೆಯಲ್ಲಿ ಕಳೆಯುವುದನ್ನು ಬಿಟ್ಟು 0.100ರಿಂದಲೇ ಭಾಗಿಸಿದ್ದರೆ 1.74 × 10⁻⁵ ಬರುತ್ತಿತ್ತು, ವ್ಯತ್ಯಾಸ ಶೇ. 1.3 ಅಷ್ಟೇ. ಇದನ್ನು ನೋಡಿ 'ಕಳೆಯಬೇಕಿಲ್ಲ' ಎಂಬ ರೂಢಿ ಬೆಳೆಸಿಕೊಂಡವರು ಸ್ವಲ್ಪ ಪ್ರಬಲವಾದ ಆಮ್ಲ ಎದುರಾದಾಗ ಸಿಕ್ಕಿಬೀಳುತ್ತಾರೆ. 0.0100 ಮೋಲಾರ್ ಕ್ಲೋರೋಅಸಿಟಿಕ್ ಆಮ್ಲದ ಪಿಎಚ್ ಸುಮಾರು 2.51, ಅಂದರೆ [ಎಚ್⁺] = 3.09 × 10⁻³. ಸರಿಯಾಗಿ ಕಳೆದರೆ ಛೇದ 0.00691, ಕೆಎ 1.38 × 10⁻³. ಕಳೆಯದಿದ್ದರೆ 9.5 × 10⁻⁴, ಮೂರನೆಯ ಒಂದು ಭಾಗದಷ್ಟು ಕಡಿಮೆ. ಕಳೆಯುವುದಕ್ಕೆ ಒಂದು ಗುಂಡಿ ಹೆಚ್ಚು ಒತ್ತಬೇಕು, ಅಷ್ಟೇ. ಆದ್ದರಿಂದ ಪಿಎಚ್‌ನಿಂದ ಕೆಎಗೆ ಹೋಗುವಾಗ ಯಾವತ್ತೂ ಕಳೆದೇ ಲೆಕ್ಕ ಮಾಡಿ. ಶೇ. 5ರ ನಿಯಮ ಉಪಯೋಗಕ್ಕೆ ಬರುವುದು ಉಲ್ಟಾ ದಾರಿಯಲ್ಲಿ. ಕೆಎ ಗೊತ್ತಿದ್ದು ಪಿಎಚ್ ಬೇಕಾದಾಗ, ಒಡೆಯುವ ಭಾಗ ಶೇ. 5ಕ್ಕಿಂತ ಕಡಿಮೆಯಿದ್ದರೆ ವರ್ಗ ಸಮೀಕರಣ ಬಿಡಿಸದೆ ವರ್ಗಮೂಲದಿಂದಲೇ ಮುಗಿಸಬಹುದು.

ಈ ವಿಧಾನದ ದೊಡ್ಡ ದೌರ್ಬಲ್ಯ ಅಂಶದಲ್ಲಿರುವ ವರ್ಗ. ಪಿಎಚ್‌ನಲ್ಲಿ 0.02 ತಪ್ಪಾದರೆ [ಎಚ್⁺] ಶೇ. 5ರಷ್ಟು ತಪ್ಪುತ್ತದೆ, ಕೆಎ ಶೇ. 10ರಷ್ಟು. 0.05 ತಪ್ಪಾಗಿ ಮೀಟರ್ 2.83 ತೋರಿಸಿದರೆ ಉತ್ತರ 2.2 × 10⁻⁵ಕ್ಕೆ ಜಿಗಿಯುತ್ತದೆ. ಆರಂಭದಲ್ಲಿ ಹೇಳಿದ ವ್ಯತ್ಯಾಸಕ್ಕೆ ಹೆಚ್ಚಾಗಿ ಇದೇ ಕಾರಣ. ಅದೇ ಆಮ್ಲದ ಸಾರತೆಯಲ್ಲಿ ಶೇ. 1ರ ತಪ್ಪು ಕೆಎಯಲ್ಲೂ ಶೇ. 1ನ್ನೇ ತರುತ್ತದೆ. ಹಾಗಾಗಿ ಪಿಪೆಟ್ಟಿನ ಮೇಲೆ ತೋರುವ ಕಾಳಜಿಗಿಂತ ಹೆಚ್ಚಿನದನ್ನು ಬಫರ್‌ಗಳ ಮೇಲೆ ತೋರಿಸಬೇಕು. ಪಿಎಚ್ ಕಾಗದದಿಂದ ಈ ಲೆಕ್ಕ ಮಾಡಲೇಬೇಡಿ.

ತೀರಾ ದುರ್ಬಲ ಆಮ್ಲಗಳಿಗೆ ಈ ವಿಧಾನ ನಡೆಯುವುದೇ ಇಲ್ಲ. 0.01 ಮೋಲಾರ್ ಬೋರಿಕ್ ಆಮ್ಲಕ್ಕೆ ಲೆಕ್ಕದ ಪಿಎಚ್ ಸುಮಾರು 5.6. ಗಾಳಿಗೆ ತೆರೆದಿಟ್ಟ ಶುದ್ಧ ನೀರಿನ ಪಿಎಚ್ ಕೂಡ, ಅದರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್‌ನಿಂದ, ಸುಮಾರು 5.6! ಅಲ್ಲಿ ಮೀಟರ್ ತೋರಿಸುವುದು ಆಮ್ಲವನ್ನೋ ಗಾಳಿಯನ್ನೋ ಹೇಳಲಾಗದು. ಪಿಕೆಎ ಸುಮಾರು 7ಕ್ಕಿಂತ ಹೆಚ್ಚಿದ್ದರೆ ನೇರ ಓದನ್ನು ಬಿಟ್ಟು ಮುಂದಿನ ವಿಧಾನಕ್ಕೆ ಹೋಗಿ.

ವಿಧಾನ ಎರಡು: ಅನುಮಾಪನದ ಮಧ್ಯದಿಂದ

ಆಯ್ಕೆಯಿದ್ದರೆ ಇದನ್ನೇ ಆರಿಸಿಕೊಳ್ಳಿ. ಸೋಡಿಯಂ ಹೈಡ್ರಾಕ್ಸೈಡ್ ಸೇರಿಸುತ್ತ ಹೋದಂತೆ ಎಚ್‌ಎ ಕಡಿಮೆಯಾಗಿ ಎ⁻ ಹೆಚ್ಚುತ್ತದೆ. ಸರಿಯಾಗಿ ಅರ್ಧ ಆಮ್ಲ ತಟಸ್ಥವಾದಾಗ ಎರಡೂ ಸಮ, ಅನುಪಾತ 1, ಅದರ ಲಾಗ್ ಸೊನ್ನೆ. ಆಗಿನ ಪಿಎಚ್ ಓದೇ ಪಿಕೆಎ. ಬೇರೆ ಬಿಂದುಗಳಿಗೆ ಹೆಂಡರ್ಸನ್ ಮತ್ತು ಹ್ಯಾಸೆಲ್‌ಬಾಲ್ಕ್ ಅವರ ಸಮೀಕರಣ:

ಪಿಕೆಎ = ಪಿಎಚ್ − ಲಾಗ್ ([ಎ⁻] ÷ [ಎಚ್‌ಎ])

ಸಮಾನತಾ ಬಿಂದುವಿನ ಗಾತ್ರ 'ಸ', ಈವರೆಗೆ ಸೇರಿಸಿದ ಗಾತ್ರ 'ಗ' ಆದರೆ ಆವರಣದ ಅನುಪಾತ ಗ ÷ (ಸ − ಗ). ಆಮ್ಲದ ಸಾರತೆ ಗೊತ್ತಿರಬೇಕಿಲ್ಲ ಎಂಬುದು ಈ ವಿಧಾನದ ದೊಡ್ಡ ಅನುಕೂಲ. ಪಿಎಚ್ ತಪ್ಪು ವರ್ಗವಾಗುವುದೂ ಇಲ್ಲ, 0.02 ತಪ್ಪು ಪಿಕೆಎಯಲ್ಲಿ 0.02 ಆಗಿಯೇ ಉಳಿಯುತ್ತದೆ.

ಮಾಡುವ ಕ್ರಮ ಹೀಗೆ. 25.00 ಮಿ.ಲೀ. ಆಮ್ಲವನ್ನು ಪಿಪೆಟ್ಟಿನಿಂದ 100 ಮಿ.ಲೀ. ಬೀಕರಿಗೆ ಹಾಕಿ. ಎಲೆಕ್ಟ್ರೋಡಿನ ಗಾಜಿನ ಗುಂಡು ಪೂರ್ತಿ ಮುಳುಗಿರಬೇಕು, ಮ್ಯಾಗ್ನೆಟಿಕ್ ಸ್ಟಿರರ್‌ನ ಕಡ್ಡಿಗೆ ತಾಗಬಾರದು. ಮುಳುಗದಿದ್ದರೆ ಅಳತೆ ಮಾಡಿ ನೀರು ಸೇರಿಸಿ. ಸಮಾನತಾ ಬಿಂದು ಅದರಿಂದ ಬದಲಾಗದು. ಬ್ಯೂರೆಟ್ಟಿನಿಂದ 0.1000 ಮೋಲಾರ್ ಹೈಡ್ರಾಕ್ಸೈಡನ್ನು ಮೊದಲು 2 ಮಿ.ಲೀ. ಲೆಕ್ಕದಲ್ಲಿ ಬಿಡಿ. ಪ್ರತಿ ಬಾರಿ ಓದು ನಿಲ್ಲುವವರೆಗೆ ಕಾದು ಬರೆದುಕೊಳ್ಳಿ. 22 ಮಿ.ಲೀ. ನಂತರ 0.5, ಪಿಎಚ್ 6 ದಾಟಿದ ಮೇಲೆ 0.1 ಮಿ.ಲೀ. ಮಾತ್ರ. ಏರಿಕೆ ಮುಗಿದ ಮೇಲೂ 3-4 ಮಿ.ಲೀ. ಮುಂದುವರಿಸಿ, ಇಲ್ಲದಿದ್ದರೆ ರೇಖೆಯ ಕಡಿದಾದ ಭಾಗದ ನಡು ಎಲ್ಲಿದೆ ಎಂದು ತಿಳಿಯದು.

ಪಿಎಚ್ ಬದಲಾವಣೆಯನ್ನು ಗಾತ್ರದ ಬದಲಾವಣೆಯಿಂದ ಭಾಗಿಸಿದ ಬೆಲೆ ಎಲ್ಲಿ ಅತಿ ಹೆಚ್ಚೋ ಅದೇ ಸಮಾನತಾ ಬಿಂದು. ಈ ಉದಾಹರಣೆಯಲ್ಲಿ ಅದು 24.60 ಮಿ.ಲೀ., ಅಂದರೆ ಆಮ್ಲ 0.0984 ಮೋಲಾರ್. ಅಲ್ಲಿ ಪಿಎಚ್ ಸುಮಾರು 8.7 ಇರುತ್ತದೆ, 7 ಅಲ್ಲ. ಉಳಿದಿರುವ ಅಸಿಟೇಟ್ ತಾನೇ ದುರ್ಬಲ ಪ್ರತ್ಯಾಮ್ಲ. ಪಿಎಚ್ 7 ಬಂದ ಜಾಗವನ್ನೇ ಸಮಾನತಾ ಬಿಂದು ಎಂದು ಗುರುತಿಸುವುದು ತಪ್ಪು. ಸೂಚಕ ಬಳಸುವವರಿಗೂ ಇದೇ ಕಾರಣಕ್ಕೆ ಫಿನಾಲ್ಫ್ಥಲೀನ್ ಬೇಕು. 3.1ರಿಂದ 4.4ರ ನಡುವೆ ಬಣ್ಣ ಬದಲಿಸುವ ಮಿಥೈಲ್ ಆರೆಂಜ್ ಅರ್ಧ ದಾರಿಗೆ ಮೊದಲೇ ಕೈಕೊಡುತ್ತದೆ.

ಈಗ ಮೂರು ಬಿಂದುಗಳನ್ನು ತೆಗೆದುಕೊಳ್ಳೋಣ.

6.00 ಮಿ.ಲೀ., ಪಿಎಚ್ 4.21: ಅನುಪಾತ 6.00 ÷ 18.60 = 0.3226, ಲಾಗ್ −0.49, ಪಿಕೆಎ 4.70.
12.30 ಮಿ.ಲೀ., ಪಿಎಚ್ 4.68: ಅನುಪಾತ 1, ಪಿಕೆಎ 4.68.
18.00 ಮಿ.ಲೀ., ಪಿಎಚ್ 5.11: ಅನುಪಾತ 18.00 ÷ 6.60 = 2.727, ಲಾಗ್ 0.44, ಪಿಕೆಎ 4.67.

ನಿಜವಾಗಿ ಮಾಡುವಾಗ ಸಮಾನತಾ ಬಿಂದುವಿನ ಗಾತ್ರದ ಶೇ. 20ರಿಂದ 80ರವರೆಗಿನ ಎಲ್ಲ ಬಿಂದುಗಳನ್ನೂ ಹೀಗೆ ಲೆಕ್ಕ ಹಾಕಿ. ಆರಂಭದ ಮತ್ತು ಕೊನೆಯ ಬಿಂದುಗಳನ್ನು ಬಿಡಬೇಕು, ಅಲ್ಲಿ ಗಾತ್ರದ ಸಣ್ಣ ತಪ್ಪೂ ಅನುಪಾತವನ್ನು ಬಹಳ ಎಳೆದಾಡುತ್ತದೆ. ಬಂದ ಬೆಲೆಗಳು ಒಂದೇ ದಿಕ್ಕಿಗೆ ಜೋರಾಗಿ ಏರುತ್ತಲೋ ಇಳಿಯುತ್ತಲೋ ಹೋದರೆ ಸಮಾನತಾ ಬಿಂದುವನ್ನು ತಪ್ಪಾಗಿ ಗುರುತಿಸಿದ್ದೀರಿ ಎಂದರ್ಥ. ಒಂದೇ ಬಿಂದುವಿನಿಂದ ಈ ಎಚ್ಚರಿಕೆ ಸಿಗುವುದಿಲ್ಲ.

4.68 ಏಕೆ, 4.76 ಏಕಲ್ಲ?

ಮೇಲಿನ ಪ್ರಯೋಗದಲ್ಲಿ ಏನೂ ತಪ್ಪಾಗಿಲ್ಲ. ಪಿಎಚ್ ಮೀಟರ್ ಅಳೆಯುವುದು ಹೈಡ್ರೋಜನ್ ಅಯಾನಿನ ಸಕ್ರಿಯತೆಯನ್ನು (ನಿಜಕ್ಕೂ ಪರಿಣಾಮ ಬೀರುವ ಸಾರತೆ), ನಾವು ಅನುಪಾತದಲ್ಲಿ ಹಾಕಿದ್ದು ಅಸಿಟೇಟಿನ ಸಾರತೆಯನ್ನು. ದ್ರಾವಣದಲ್ಲಿ ಅಯಾನುಗಳು ಹೆಚ್ಚಿದಂತೆ ಒಂದನ್ನೊಂದು ಸೆಳೆದುಕೊಂಡು ಅವುಗಳ ಸಕ್ರಿಯತೆ ಸಾರತೆಗಿಂತ ಕಡಿಮೆಯಾಗುತ್ತದೆ. ಈ ಬೆಲೆಯನ್ನು ಪುಸ್ತಕದ ಬೆಲೆಗೆ ಹೋಲಿಸಿ 'ಪ್ರಯೋಗ ಕೆಟ್ಟಿತು' ಎಂದು ಬಿಸಾಡುವವರು ಬಹಳ ಮಂದಿ, ಅದು ನಿಜಕ್ಕೂ ಬೇಸರದ ಸಂಗತಿ. ಒಂದು ತಿದ್ದುಪಡಿ ಸಾಕು.

ಅಯಾನಿಕ ಬಲವನ್ನು, ಅಂದರೆ ದ್ರಾವಣದಲ್ಲಿ ಅಯಾನುಗಳು ಎಷ್ಟಿವೆ ಎಂಬುದರ ಅಳತೆಯನ್ನು, 'ಬ' ಎನ್ನೋಣ. ಡೇವಿಸ್ ಸಮೀಕರಣದಂತೆ, ಒಂದೇ ಆವೇಶವಿರುವ ಅಯಾನಿಗೆ ನೀರಿನಲ್ಲಿ 25 ಡಿಗ್ರಿಯಲ್ಲಿ ತಿದ್ದುಪಡಿ:

0.509 × [√ಬ ÷ (1 + √ಬ) − 0.3 × ಬ]

ಅರ್ಧ ಬಿಂದುವಿನಲ್ಲಿ ಅಸಿಟೇಟ್ 1.23 ಮಿಲಿಮೋಲ್, ಒಟ್ಟು ಗಾತ್ರ 37.3 ಮಿ.ಲೀ., ಆದ್ದರಿಂದ ಬ = 0.033. √ಬ = 0.182. ತಿದ್ದುಪಡಿ 0.509 × (0.154 − 0.010) = 0.07. ಇದನ್ನು 4.68ಕ್ಕೆ ಕೂಡಿಸಿದರೆ 4.75. ಉಳಿದೆರಡು ಬಿಂದುಗಳಿಗೆ ತಿದ್ದುಪಡಿ 0.06 ಮತ್ತು 0.08 ಬಂದು, 4.76 ಮತ್ತು 4.75 ಸಿಗುತ್ತವೆ. 4.70ರಿಂದ 4.67ಕ್ಕೆ ಇಳಿಯುತ್ತಿದ್ದ ಸಣ್ಣ ಇಳಿಜಾರು ಕೂಡ ಇದರೊಂದಿಗೆ ಮಾಯವಾಯಿತು ಎಂಬುದನ್ನು ಗಮನಿಸಿ. ಹೈಡ್ರಾಕ್ಸೈಡ್ ಸೇರಿಸಿದಂತೆ ಅಯಾನುಗಳು ಹೆಚ್ಚಿದ್ದೇ ಆ ಇಳಿಜಾರಿಗೆ ಕಾರಣವಾಗಿತ್ತು.

ಮೊದಲ ವಿಧಾನದಲ್ಲಿ ಈ ತಿದ್ದುಪಡಿ ಬೇಕಾಗಲಿಲ್ಲ. ಶುದ್ಧ ಆಮ್ಲದಲ್ಲಿ ಅಯಾನುಗಳು ತೀರಾ ಕಡಿಮೆ. ಜೊತೆಗೆ ಎಚ್⁺ ಮತ್ತು ಎ⁻ ಎರಡರ ಸಕ್ರಿಯತೆಯೂ ಬಹುತೇಕ ಸಮನಾಗಿರುವುದರಿಂದ ಮೀಟರಿನ ಓದನ್ನು ವರ್ಗ ಮಾಡಿದರೆ ಸಕ್ರಿಯತೆಗಳ ಗುಣಲಬ್ಧವೇ ಸಿಗುತ್ತದೆ.

ಅರ್ಧ ಬಿಂದು ಸುಳ್ಳು ಹೇಳುವ ಸಂದರ್ಭಗಳು

ಅನುಪಾತವನ್ನು ಗಾತ್ರಗಳಿಂದ ಲೆಕ್ಕ ಹಾಕುವಾಗ ಆಮ್ಲ ತಾನಾಗಿ ಒಡೆಯುವುದನ್ನು ಬಿಟ್ಟಿದ್ದೇವೆ. ಅಸಿಟಿಕ್ ಆಮ್ಲಕ್ಕೆ ಅದು ನಡೆಯುತ್ತದೆ. 0.01 ಮೋಲಾರ್ ಕ್ಲೋರೋಅಸಿಟಿಕ್ ಆಮ್ಲಕ್ಕೆ ಅದೇ ಸಾರತೆಯ ಹೈಡ್ರಾಕ್ಸೈಡ್ ಸೇರಿಸಿದರೆ, ಅರ್ಧ ಬಿಂದುವಿನಲ್ಲಿ ಪಿಎಚ್ 2.87ರ ಬದಲು ಸುಮಾರು 3.1 ಬರುತ್ತದೆ. ಪಿಕೆಎ 3.5ಕ್ಕಿಂತ ಕಡಿಮೆ ಎಂಬ ಅನುಮಾನವಿದ್ದರೆ ಹೀಗೆ ತಿದ್ದಿ: ಸೋಡಿಯಂ ಅಯಾನಿನ ಸಾರತೆಗೆ [ಎಚ್⁺] ಕೂಡಿಸಿದರೆ [ಎ⁻], ಆಮ್ಲದ ಒಟ್ಟು ಸಾರತೆಯಿಂದ ಅದನ್ನು ಕಳೆದರೆ [ಎಚ್‌ಎ]. ಸಾರತೆಗಳನ್ನು ಆ ಕ್ಷಣದ ಒಟ್ಟು ಗಾತ್ರಕ್ಕೆ ಲೆಕ್ಕ ಹಾಕಬೇಕು.

ಬೆಂಜೋಯಿಕ್ ಆಮ್ಲದ ತೊಂದರೆ ಬೇರೆ: 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಅದು ಕರಗುವುದೇ ಸುಮಾರು 3.4 ಗ್ರಾಂ. 0.1 ಮೋಲಾರ್ ದ್ರಾವಣ ಸಾಧ್ಯವಿಲ್ಲ, 0.02 ಮೋಲಾರ್ ಮಾಡಿ, ಲೀಟರಿಗೆ 2.44 ಗ್ರಾಂ. ಬೇಗ ಕರಗಲಿ ಎಂದು ಎಥನಾಲ್ ಬೆರೆಸಿದರೆ ಪಿಕೆಎಯೇ ಮೇಲೆ ಸರಿಯುತ್ತದೆ, ನೀರಿನ ಬೆಲೆ ಸಿಗದು.

ಒಂದಕ್ಕಿಂತ ಹೆಚ್ಚು ಎಚ್⁺ ಕೊಡುವ ಆಮ್ಲಗಳಲ್ಲಿ ಎರಡು ಪಿಕೆಎಗಳ ನಡುವೆ ಮೂರಕ್ಕಿಂತ ಹೆಚ್ಚು ಅಂತರ ಬೇಕು. ಫಾಸ್ಫಾರಿಕ್ ಆಮ್ಲದ 2.15 ಮತ್ತು 7.20 ದೂರದೂರ ಇವೆ, ಎರಡನೆಯದನ್ನು ಒಂದನೆಯ ಮತ್ತು ಎರಡನೆಯ ಸಮಾನತಾ ಬಿಂದುಗಳ ನಡುವಿನ ಮಧ್ಯದಿಂದ ಓದಬಹುದು. ಸಿಟ್ರಿಕ್ ಆಮ್ಲದ 3.13, 4.76, 6.40 ಒಂದರ ಮೇಲೊಂದು ಬೀಳುತ್ತವೆ. ಅದರ ರೇಖೆಯಲ್ಲಿ ಸ್ಪಷ್ಟವಾಗಿ ಕಾಣುವುದು ಒಂದೇ ಏರಿಕೆ. ಅದರ ಅರ್ಧದಲ್ಲಿ ಓದಿದ ಪಿಎಚ್ ಮೂರರಲ್ಲಿ ಯಾವುದನ್ನೂ ನಂಬುವಂತೆ ಕೊಡದು. ಇಡೀ ರೇಖೆಗೆ ಕಂಪ್ಯೂಟರಿನಲ್ಲಿ ಸಮೀಕರಣ ಹೊಂದಿಸುವುದೊಂದೇ ದಾರಿ.

ವಿಧಾನ ಮೂರು: ವಾಹಕತೆಯಿಂದ

ವಿಲ್‌ಹೆಲ್ಮ್ ಆಸ್ಟ್ವಾಲ್ಡ್ ಎಂಬ ರಸಾಯನಶಾಸ್ತ್ರಜ್ಞ 1888ರಲ್ಲಿ ಕೊಟ್ಟ ದಾರಿ ಇದು, ಪಿಎಚ್ ಮೀಟರ್ ಇಲ್ಲದೆಯೂ ನಡೆಯುತ್ತದೆ. ಆಮ್ಲದ ಮೋಲಾರ್ ವಾಹಕತೆಯನ್ನು (ದ್ರಾವಣ ವಿದ್ಯುತ್ ಹರಿಸುವ ಸಾಮರ್ಥ್ಯವನ್ನು ಸಾರತೆಯಿಂದ ಭಾಗಿಸಿದ್ದು), ಅದು ಪೂರ್ತಿ ಒಡೆದಿದ್ದರೆ ಇರಬೇಕಾದ ವಾಹಕತೆಯಿಂದ ಭಾಗಿಸಿದರೆ ಒಡೆದ ಅಂಶ ಆಲ್ಫಾ ಸಿಗುತ್ತದೆ.

ಪೂರ್ತಿ ಒಡೆದ ಬೆಲೆಯನ್ನು ದುರ್ಬಲ ಆಮ್ಲದಿಂದ ನೇರ ಅಳೆಯಲಾಗದು. ಕೋಲ್‌ರಾಷ್ ನಿಯಮದಂತೆ ಪ್ರಬಲ ವಿದ್ಯುದ್ವಿಭಾಜ್ಯಗಳಿಂದ (ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯುವ ವಸ್ತುಗಳು) ಕಟ್ಟಬೇಕು: ಹೈಡ್ರೋಕ್ಲೋರಿಕ್ ಆಮ್ಲ 426.2, ಸೋಡಿಯಂ ಅಸಿಟೇಟ್ 91.0, ಎರಡನ್ನೂ ಕೂಡಿಸಿ ಸೋಡಿಯಂ ಕ್ಲೋರೈಡಿನ 126.5 ಕಳೆದರೆ 390.7. ಮಾನ ಸೀಮೆನ್ಸ್ ಚದರ ಸೆಂ.ಮೀ. ಪ್ರತಿ ಮೋಲ್.

0.001028 ಮೋಲಾರ್ ಅಸಿಟಿಕ್ ಆಮ್ಲದ ವಾಹಕತೆ ಪ್ರತಿ ಸೆಂ.ಮೀ.ಗೆ 49.5 ಮೈಕ್ರೋಸೀಮೆನ್ಸ್ ಬಂದರೆ, ಮೋಲಾರ್ ವಾಹಕತೆ = 1000 × 49.5 × 10⁻⁶ ÷ 0.001028 = 48.15. ಆಲ್ಫಾ = 48.15 ÷ 390.7 = 0.1232. ಆಗ

ಕೆಎ = ಸಾರತೆ × ಆಲ್ಫಾ² ÷ (1 − ಆಲ್ಫಾ) = 0.001028 × 0.01518 ÷ 0.8768 = 1.78 × 10⁻⁵

ಇಲ್ಲಿ ಕೆಲಸ ಕೆಡಿಸುವುದು ಉಷ್ಣತೆ. ಪ್ರತಿ ಡಿಗ್ರಿಗೆ ವಾಹಕತೆ ಶೇ. 2ರ ಆಸುಪಾಸಿನಲ್ಲಿ ಏರುತ್ತದೆ, ಆದ್ದರಿಂದ ನೀರಿನ ತೊಟ್ಟಿಯಲ್ಲಿಟ್ಟು 25 ಡಿಗ್ರಿಗೆ ಸ್ಥಿರಗೊಳಿಸಿದ ಮೇಲೆಯೇ ಓದಿ. ಸೆಲ್ ಸ್ಥಿರಾಂಕವನ್ನು (ಅಳೆಯುವ ಪಾತ್ರೆಯ ಆಕಾರಕ್ಕೆ ತಕ್ಕ ಗುಣಕ) 0.01 ಮೋಲಾರ್ ಪೊಟ್ಯಾಷಿಯಂ ಕ್ಲೋರೈಡಿನಿಂದ ಹೊಂದಿಸಿ, ಅದು 25 ಡಿಗ್ರಿಯಲ್ಲಿ 1413 ಮೈಕ್ರೋಸೀಮೆನ್ಸ್ ತೋರಿಸಬೇಕು. ಬಳಸುವ ನೀರಿನ ವಾಹಕತೆ 1 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆ ಇರಲಿ.

ಉತ್ತರ ಬರೆಯುವುದು

ಪಿಎಚ್ ಎರಡು ದಶಮಾಂಶದವರೆಗೆ ಗೊತ್ತಿದ್ದರೆ ಕೆಎಯಲ್ಲಿ ನಂಬಬಹುದಾದ ಅಂಕಿಗಳು ಎರಡೇ. ಕ್ಯಾಲ್ಕುಲೇಟರ್ 1.7610 × 10⁻⁵ ತೋರಿಸಿದರೂ ವರದಿಯಲ್ಲಿ 1.8 × 10⁻⁵ ಎಂದು ಬರೆಯಿರಿ. ನಡುವಿನ ಹೆಜ್ಜೆಗಳಲ್ಲಿ ಮಾತ್ರ ಅಂಕಿಗಳನ್ನು ಕತ್ತರಿಸಬೇಡಿ. ಹಲವು ಬಿಂದುಗಳಿದ್ದಾಗ ಪಿಕೆಎಗಳ ಸರಾಸರಿ ತೆಗೆದು, ಕೊನೆಯಲ್ಲಿ ಒಮ್ಮೆ ಮಾತ್ರ ಕೆಎಗೆ ಬದಲಿಸಿ. ಉಷ್ಣತೆ, ಆಮ್ಲದ ಸಾರತೆ, ವಿಧಾನ, ಸಕ್ರಿಯತೆಯ ತಿದ್ದುಪಡಿ ಮಾಡಿದ್ದೀರೋ ಇಲ್ಲವೋ ಎಂಬ ನಾಲ್ಕು ವಿವರಗಳೂ ಜೊತೆಗಿರಲಿ. ತಿದ್ದದ 4.68ನ್ನು ವರದಿ ಮಾಡುವುದರಲ್ಲಿ ತಪ್ಪೇನಿಲ್ಲ, ಅದರ ಪಕ್ಕದಲ್ಲಿ 'ಅಯಾನಿಕ ಬಲ 0.033ರಲ್ಲಿ' ಎಂದು ಬರೆದಿದ್ದರೆ ಓದುವವರು ತಾವೇ 4.75ಕ್ಕೆ ತಲುಪಬಲ್ಲರು.